ಮೂವತ್ತೆಂಟು ಕಿಲೋಮೀಟರ್

ನಾನು ಮೆಕ್ಯಾನಿಕ್ ಅಲ್ಲ, ಶಾಲೆಯಲ್ಲಿ ಗಣಿತ ಹೇಳಿಕೊಡುವವನು; ಕಾರು ಬಿಚ್ಚಿ ಜೋಡಿಸುವುದು ಬರೀ ಹವ್ಯಾಸ. ದೆವ್ವಗಿವ್ವ ನಂಬುವ ಜಾಯಮಾನವೂ ನನ್ನದಲ್ಲ. ಭಾವ ತೀರಿಕೊಂಡ ಮೇಲೆ, ಅವರ ಕಾರು ಮಾರುವ ಮೊದಲು ಇಂಜಿನ್ ದೀಪ ಆರುವಂತೆ ಮಾಡಿಕೊಡು ಎಂದು ಅಕ್ಕ ಅದನ್ನು ನನ್ನ ಶೆಡ್ಡಿಗೆ ಕಳಿಸಿದ್ದಳು.

ಕಾರಿನ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿದೆ. ವೇಗದ ಸೆನ್ಸರ್ ಕೆಟ್ಟಿದೆ ಎಂಬ ಕೋಡ್ ಬಂತು. ಕಾರನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಎರಡೂ ಚಕ್ರ ಬಿಚ್ಚಿ, ಸೆನ್ಸರ್ ಬದಲಿಸಿದೆ. ಕೋಡ್ ಅಳಿಸಿ, ಕೀ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದೆ. ಬಂದು ಕೀ ತಿರುಗಿಸಿದರೆ ದೀಪ ಮತ್ತೆ ಹತ್ತಿತು. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಓಡಿದೆ ಎಂಬುದನ್ನೂ ಸ್ಕ್ಯಾನರ್ ತೋರಿಸುತ್ತದೆ. ಮೂವತ್ತೆಂಟು ಕಿಲೋಮೀಟರ್ ಎಂದಿತು. ಬಾನೆಟ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಬಿಚ್ಚಿದ ಚಕ್ರಗಳು ಗೋಡೆಗೆ ಒರಗಿದ್ದಲ್ಲೇ ಇದ್ದವು.

ಸ್ಕ್ಯಾನರಿಗೇ ತಲೆ ಕೆಟ್ಟಿದೆ ಎಂದುಕೊಂಡು ಮರುದಿನವೂ ಅಳಿಸಿದೆ. ಮತ್ತೆ ಮೂವತ್ತೆಂಟು. ಅಕ್ಕನ ಮನೆ ಇಲ್ಲಿಂದ ಹತ್ತೊಂಬತ್ತು ಕಿಲೋಮೀಟರ್. ಮುಂದಿನ ಲೆಕ್ಕ ಮಾಡಲು ಮನಸ್ಸಾಗಲಿಲ್ಲ.

ಸಂಜೆ ಅವಳೇ ಫೋನ್ ಮಾಡಿದಳು. "ಗೇಟಿನವರೆಗೂ ಬಂದು, ಹಾರ್ನ್ ಮಾಡಿ ಹಾಗೇ ಹೋಗ್ತೀಯಲ್ಲೋ. ಒಳಗೆ ಬಂದ್ರೆ ಏನು ಗಂಟು ಹೋಗುತ್ತೆ?"



ಮೂರನೆಯ ದಿನ ಅಳಿಸಿ, ಊಟ ಮುಗಿಸಿ ಬಂದಾಗ ಬಾನೆಟ್ ತಣ್ಣಗಿತ್ತು. ಸ್ಕ್ಯಾನರಿನಲ್ಲಿ ಹತ್ತೊಂಬತ್ತು ಅಷ್ಟೇ. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ.

"ಆಮೇಲೆ ಮಾಡೋ," ಎಂದು ದನಿ ತಗ್ಗಿಸಿದಳು. "ಇವ್ರು ಈಗಷ್ಟೇ ಊಟಕ್ಕೆ ಕೂತಿದಾರೆ."

ಅದಾಗಿ ಎರಡು ವರ್ಷ. ಅಕ್ಕ ಕಾರು ಮಾರುವ ಮಾತನ್ನೇ ಎತ್ತಿಲ್ಲ, ನಾನು ಆ ಮನೆಗೆ ಕಾಲಿಟ್ಟಿಲ್ಲ. ಕಾರು ಸ್ಟ್ಯಾಂಡ್ ಮೇಲೆಯೇ ಇದೆ. ಆಗಾಗ ಸ್ಕ್ಯಾನರ್ ಸಿಕ್ಕಿಸಿ ನೋಡುತ್ತೇನೆ. ಇನ್ನೂ ಹತ್ತೊಂಬತ್ತೇ ಇದೆ.