ನೂರೈವತ್ತು ಡಿಗ್ರಿ

“ಸರ್, ಬರಿಗೈಲಿ ಮುಟ್ಟಬ್ಯಾಡ್ರಿ. ಬೆರಳಿನ ಗುರುತು ಬೀಳತೈತಿ.”

ಶಾಂಭವಿ ಮೆಲ್ಲಗೇ ಹೇಳಿದ್ದಳು. ಆದರೆ ಅಂತಿಮ ವರ್ಷದ ಇಪ್ಪತ್ತೆರಡು ವಿದ್ಯಾರ್ಥಿಗಳ ಎದುರು ಹೇಳಿದ್ದಳು. ಹರಪನಹಳ್ಳಿಯ ಆ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ರಸಾಯನಶಾಸ್ತ್ರ ಕಲಿಸಿ ವಿಭಾಗದ ಮುಖ್ಯಸ್ಥರಾಗಿದ್ದ ಗುರುಸಂಗಪ್ಪನವರು ಚಾಚಿದ ಕೈಯನ್ನು ಹಿಂದಕ್ಕೆಳೆದು, ಅದಕ್ಕೊಂದು ಕೆಲಸ ಬೇಕಲ್ಲ ಎಂದು ತಲೆ ಕೆರೆದುಕೊಂಡರು. ನಿನ್ನೆ ಮೊನ್ನೆ ಸೇರಿದ ಅಧ್ಯಾಪಕಿ ತಮಗೆ ಮುಟ್ಟಬೇಡಿ ಎನ್ನುವುದೆ! ಅವಳ ಮರ್ಯಾದೆ ತೆಗೆಯುವುದು ಅಲ್ಲೇ ನಿಶ್ಚಯವಾಯಿತು.

ಮುಟ್ಟಬಾರದ ಆ ವಸ್ತು ಮೊಬೈಲ್ ಬ್ಯಾಟರಿಯ ಪೊರೆ. ಬ್ಯಾಟರಿಯೊಳಗಿನ ಎರಡು ಧ್ರುವಗಳು ತಾಗಿದರೆ ಬೆಂಕಿ. ತಾಗದಂತೆ ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಬಿಳಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕಾದರೆ ಮಾಮೂಲಿ ಹಾಳೆ ಮುದುಡುತ್ತದೆ. ಶಾಂಭವಿ ಪಾಲಿಮರಿಗೆ ಭತ್ತದ ಹೊಟ್ಟಿನ ಬೂದಿಯಿಂದ ತೆಗೆದ ಸಿಲಿಕಾ ಬೆರೆಸಿ ಮಾಡಿದ ಹಾಳೆ ನೂರೈವತ್ತು ಡಿಗ್ರಿಯಲ್ಲೂ ಜಗ್ಗುತ್ತಿರಲಿಲ್ಲ. ಸೋಮವಾರ ತಜ್ಞರ ಸಮಿತಿ ಬಂದು ಒಪ್ಪಿದರೆ ಸಂಶೋಧನಾ ಯೋಜನೆ, ಹೊಸ ಪ್ರಯೋಗಾಲಯ ಎಲ್ಲ ಅವಳದು. ಗುರುಸಂಗಪ್ಪನವರಿಗೆ ಉಳಿಯುವುದು ಹಾಜರಿ ಪುಸ್ತಕ.

ಉಪಾಯಕ್ಕೆ ಎರಡೇ ಹೆಜ್ಜೆ. ಅವಳ ಹಾಳೆಯ ಜಾಗದಲ್ಲಿ ಮಾಮೂಲಿ ಹಾಳೆ ಇಡುವುದು. ಅವಳು ಎಲ್ಲರೆದುರು ಸೋತ ಮೇಲೆ, ಆರು ತಿಂಗಳು ತಡೆದು, ಅದೇ ಪೊರೆಯನ್ನು ತಾವು ಕಂಡುಹಿಡಿಯುವುದು. ಅವಳ ನೋಟ್‌ಬುಕ್ಕನ್ನು ಆಗಲೇ ನಕಲು ಮಾಡಿಕೊಂಡಿದ್ದರು, ತಮ್ಮದೇ ದುಂಡು ಅಕ್ಷರದಲ್ಲಿ, ಅಲ್ಲಲ್ಲಿ ಅವಳ ಇಂಗ್ಲಿಷನ್ನು ತಿದ್ದಿ.

ಮಾಮೂಲಿ ಹಾಳೆಗಾಗಿ, ಊರವರ ಕಣ್ಣಿಗೆ ಬೀಳಬಾರದೆಂದು, ಬಸ್ಸು ಹತ್ತಿ ಕೊಟ್ಟೂರಿಗೆ ಹೋದರು. ಮೊಬೈಲ್ ರಿಪೇರಿಯ ಪ್ರವೀಣಕುಮಾರ್ ಸತ್ತ ಬ್ಯಾಟರಿಯೊಂದನ್ನು ಕೊಡುತ್ತ, “ಇದರ ಹೊಟ್ಟಿ ಗಿಟ್ಟಿ ಕೊಯ್ದೀರಿ ಮತ್ತ, ಮೀಸಿ ಸುಟ್ಟೀತು” ಎಂದ. ಗುರುಸಂಗಪ್ಪನವರು ಹಿತ್ತಲಲ್ಲಿ ಬಕೆಟ್ ಮರಳು ಇಟ್ಟುಕೊಂಡು ಕೊಯ್ದರು. ಮೀಸೆ ಉಳಿಯಿತು. ಸುರುಳಿಯಿಂದ ಹಾಳೆ ಬಿಡಿಸಿ, ತೊಳೆದು, ಒಣಗಿಸಿ, ಅಳತೆ ಹಿಡಿದು ಕತ್ತರಿಸಿದರು. ಹಾಲಿನಂಥ ಬಿಳುಪು, ಅವಳದಕ್ಕೂ ಇದಕ್ಕೂ ಹೆತ್ತ ತಾಯಿಗೂ ವ್ಯತ್ಯಾಸ ತಿಳಿಯದು. ಕಾದಾಗ ಮಾತ್ರ ಇದರ ಸೂಕ್ಷ್ಮ ತೂತುಗಳು ಮುಚ್ಚಿ, ಬಿಳುಪು ಹೋಗಿ, ಗಾಜಿನಂತೆ ಪಾರದರ್ಶಕವಾಗಿ ಮುದುಡುತ್ತದೆ. ಆ ಗಳಿಗೆಯಲ್ಲಿ ಶಾಂಭವಿಯ ಮುಖ ಹೇಗಿದ್ದೀತೆಂದು ನೆನೆದು ಅವರು ಎರಡು ರೊಟ್ಟಿ ಹೆಚ್ಚು ತಿಂದರು.

ಸೋಮವಾರ ಬೆಳಿಗ್ಗೆ ದೊಡ್ಡ ಕೆಲಸಕ್ಕೆ ಹೊರಟವರಂತೆ ಸ್ನಾನ ಮಾಡಿ, ಹಾಳೆಯನ್ನು ದೇವರ ಮುಂದಿಟ್ಟು ಎಂದಿನಂತೆ ಪೂಜೆ ಮುಗಿಸಿದರು. ಎಂಟಕ್ಕೆ ಕಾಲೇಜು ಸೇರಿ, ಕೈಗವಸು ತೊಟ್ಟು, ತಮ್ಮ ಕೀಲಿಯಿಂದಲೇ ಪ್ರಯೋಗಾಲಯದ ಬೀರು ತೆರೆದು ಹಾಳೆ ಬದಲಾಯಿಸಿದರು. ಬೆರಳಿನ ಗುರುತು ಬೀಳತೈತಂತ! ಅವಳ ಹಾಳೆ ಅವರ ಚೀಲದ ಪಂಚಾಂಗದೊಳಗೆ ಹೋಯಿತು.

ಹನ್ನೊಂದಕ್ಕೆ ಸಮಿತಿ ಬಂತು. ಮುಖ್ಯಸ್ಥೆ ಬಸಲಿಂಗಮ್ಮ, ನಿವೃತ್ತ ಪ್ರಾಧ್ಯಾಪಕಿ, ಬ್ಯುರೆಟ್ಟು, ತಕ್ಕಡಿ, ಓವನ್ ಎಲ್ಲದರ ಮೇಲೂ ವಿಭೂತಿಯ ಮೂರು ಪಟ್ಟೆ ಕಂಡು ಹುಬ್ಬೇರಿಸಿದರು. ಅಟೆಂಡರ್ ಕೊಟ್ರಸ್ವಾಮಿ ಹೆಮ್ಮೆಯಿಂದ ವಿವರಿಸಿದ: “ನಮ್ ಸಾರ್ ಕೈಯಾಗ ಏನ ಹಿಡಿದ್ರೂ ಮೊದಲು ಅದಕ್ಕ ಹಚ್ಚತಾರ್ರಿ. ಹಚ್ಚದ ಬಿಟ್ಟದ್ದು ಬರ್ನರಿನ ಉರಿಗೆ ಮಾತ್ರ.”

ಶಾಂಭವಿ ಹಾಳೆಯನ್ನು ಚಿಮಟದಿಂದೆತ್ತಿ ಗಾಜಿನ ತಟ್ಟೆಯ ಮೇಲಿಟ್ಟು ಓವನ್ ಮುಚ್ಚಿದಳು. ಎಲ್ಲರೂ ಅದರ ಬಾಗಿಲಿನ ಗಾಜಿನಲ್ಲಿ ಇಣುಕಿದರು. ಗುರುಸಂಗಪ್ಪನವರು ಸಂತಾಪದ ಮಾತೊಂದನ್ನು ಬಾಯಲ್ಲೇ ಸಿದ್ಧಮಾಡಿಕೊಂಡರು.

ಹಾಳೆ ಪುಸ್ತಕದಲ್ಲಿ ಹೇಳಿದಂತೆಯೇ ನಡೆದುಕೊಂಡಿತು. ಅಂಚು ಮುದುಡಿತು, ಬಿಳುಪು ಕರಗಿತು, ಇಡೀ ಹಾಳೆ ಗಾಜಿನಂತೆ ತಿಳಿಯಾಯಿತು. ಶಾಂಭವಿಯ ಮುಖ ಅವರು ನೆನೆದುಕೊಂಡಂತೆಯೇ ಬಿಳಿಚಿಕೊಂಡಿತು. ಆದರೆ ಯಾರೂ ಅವಳತ್ತ ನೋಡಲಿಲ್ಲ. ತಿಳಿಯಾದ ಹಾಳೆಯ ನಟ್ಟನಡುವೆ, ಅಷ್ಟುಹೊತ್ತು ಬಿಳಿಯಲ್ಲಿ ಬಿಳಿಯಾಗಿ ಅಡಗಿದ್ದ ಮೂರು ಪಟ್ಟೆಗಳು, ಮೂರು ಬೆರಳಿನ ಅಗಲಕ್ಕೆ ಒಂದರ ಕೆಳಗೊಂದು ಮೂಡಿ ನಿಂತಿದ್ದವು. ಬಸಲಿಂಗಮ್ಮ ಕನ್ನಡಕ ಸರಿಪಡಿಸಿಕೊಂಡು ಓವನ್ನಿನ ಬಾಗಿಲು ನೋಡಿದರು, ತಕ್ಕಡಿ ನೋಡಿದರು, ಕೊನೆಗೆ ಗುರುಸಂಗಪ್ಪನವರ ಹಣೆ ನೋಡಿದರು. ಕೊಟ್ರಸ್ವಾಮಿ ಭಕ್ತಿಯಿಂದ ಕೈಮುಗಿದು ಕೇಳಿದ: “ಶಾಂಭವಿ ಮೇಡಂ ಅದನ್ನ ಯಾರಿಗೂ ಮುಟ್ಟಗೊಡಾಂಗಿಲ್ಲ. ಯಾವಾಗ ಹಚ್ಚಿದ್ರಿ ಸಾರ್?”