ಮೂರು ದಾರಿ ಕೂಡುವ ಕೋಣೆ

“ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ,” ಎಂದ ಲಗಮಪ್ಪ. “ಹಾದ್ಯಾಗ ಹೊಂಟ ಮಾರೀನ ಕರದು ಮನ್ಯಾಗ ಕುಂಡ್ರಿಸಿಕೊಂಡಂಗ ಆಕ್ಕೈತಿ.”

ಜಿನದತ್ತ ನಕ್ಕ. ಕೊಣ್ಣೂರಿನ ಹೊರಗೆ ಮೂರು ದಾರಿ ಕೂಡುವಲ್ಲಿ ಜೀಪು ನಿಲ್ಲಿಸಿ, ಧೂಳಿನಲ್ಲಿ ಬಿದ್ದಿದ್ದನ್ನು ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಹೋಳು ಮಾಡಿ ಕುಂಕುಮ ತುಂಬಿದ ನಿಂಬೆಹಣ್ಣು. ಕರಿ ಬಟ್ಟೆಯ ಗೊಂಬೆ, ಅದರ ಹೊಟ್ಟೆಗೆ ಚುಚ್ಚಿದ ಸೂಜಿ. ಒಂದು ಮೊಟ್ಟೆ. ಒಂದು ಹಿಡಿ ಅರಿಶಿನದನ್ನ. ಮಹಾಲಯ ಅಮಾವಾಸ್ಯೆ ಕಳೆದ ಮುಂಜಾನೆ ಅದು. ಅನ್ನ ಹುಳಿತು ನಾರುತ್ತಿತ್ತು, ಆದರೆ ಒಂದು ಇರುವೆಯೂ ಅದರ ಹತ್ತಿರ ಸುಳಿದಿರಲಿಲ್ಲ.

“ಇದು ಯಾರದೋ ಮೈಯಿಂದ ಇಳಿಸಿದ್ದರಿ,” ಲಗಮಪ್ಪ ಜೀಪಿನಿಂದ ಕೆಳಗಿಳಿಯಲೇ ಇಲ್ಲ. “ರೋಗ ಇರ್ತೈತಿ, ಮಾಟ ಇರ್ತೈತಿ. ತಲಿ ಸುತ್ತ ನಿವಾಳಿಸಿ ಇಲ್ಲಿ ಒಗದು, ತಿರುಗಿ ನೋಡದ ಹೊಕ್ಕಾರ. ಎತ್ತಿದವ್ರ ಮೈಯಾಗ ಹೋಗ್ತೈತಿ ಅದು.”

“ಹಂಗಾದ್ರ ನಮ್ಮ ಮುನ್ಸಿಪಾಲ್ಟಿಯವ್ರು ಎಲ್ಲಾರೂ ಸತ್ತಿರಬೇಕಿತ್ತಲ್ಲೋ,” ಎಂದ ಜಿನದತ್ತ. ಎಲ್ಲವನ್ನೂ ಎತ್ತಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಕೊಂಡ. ಮೊಟ್ಟೆಯನ್ನು ಮಾತ್ರ ಬಿಟ್ಟ. ಅದಕ್ಕೆ ಹೆದರಿಕೆ ಕಾರಣವಲ್ಲ. ಜೈನರ ಮನೆಯ ಮಗ, ಮೊಟ್ಟೆ ಮುಟ್ಟುವವನಲ್ಲ, ಅಷ್ಟೇ.

ಎರಡು ಸಾವಿರದ ಆರನೆಯ ಇಸವಿ. ಗೋಕಾಕದಿಂದ ಕೊಣ್ಣೂರಿಗೆ ಹೋಗುವ ರಸ್ತೆಯಲ್ಲಿ ಅಪ್ಪಣ್ಣ ಎಂಬ ಸಾಹುಕಾರ ವಾಟರ್ ಪಾರ್ಕ್ ಒಂದನ್ನು ಕಟ್ಟಿಸಿದ್ದ. ಬೇಸಿಗೆಯಲ್ಲಿ ಜನ ಎಮ್ಮೆಗಳ ಹಾಗೆ ನೀರಿಗೆ ಬೀಳುತ್ತಿದ್ದರು. ದಸರೆ ಸಮೀಪಿಸಿ ಗಾಳಿ ತಣ್ಣಗಾಯಿತೆಂದರೆ ಕಾಗೆಗಳು ಮಾತ್ರ ಬರುತ್ತಿದ್ದವು. ಆಗ ಬಂದವನು ಜಿನದತ್ತ. ಹುಟ್ಟಿದ್ದು ಹುಕ್ಕೇರಿಯಲ್ಲಾದರೂ ಓದಿ ಬೆಳೆದದ್ದು ಪುಣೆಯಲ್ಲಿ. ಮುಂಬಯಿ ಕಡೆಯ ದೊಡ್ಡ ಪಾರ್ಕೊಂದರಲ್ಲಿ ಕೆಲಸದವರನ್ನು ಆರಿಸಿ ತರಬೇತಿ ಕೊಡುವ ಹುದ್ದೆಯಲ್ಲಿದ್ದ. ಅಲ್ಲಿ ಅಕ್ಟೋಬರ್ ಬಂತೆಂದರೆ ಹ್ಯಾಲೋವೀನ್ ಹೆಸರಿನಲ್ಲಿ ಭೂತದ ಹಬ್ಬ. ಹೆದರಿಸಿಕೊಳ್ಳಲು ಜನ ಟಿಕೆಟ್ ತೆಗೆದು ಸಾಲು ನಿಲ್ಲುತ್ತಿದ್ದರು. ಅದನ್ನೇ ಇಲ್ಲಿ ಮಾಡೋಣ ಎಂದ. ಬಟ್ಟೆ ಬದಲಿಸುವ ಉದ್ದನೆಯ ಶೆಡ್ಡಿಗೆ ಒಳಗೆ ಕರಿ ಬಣ್ಣ ಹೊಡೆಸಿದ. ಹೆಂಡತಿ ಶುಭಾಂಗಿ, ಒಂದನೇ ಇಯತ್ತೆಗೆ ಹೋಗುವ ಮಗಳು ಶ್ರದ್ಧಾ, ಇವರೊಡನೆ ಗೋಕಾಕದಲ್ಲಿ ಬಾಡಿಗೆ ಮನೆ ಹಿಡಿದ.

ಮುಚ್ಚಿಹೋದ ನಾಟಕ ಕಂಪನಿಯ ಹಾಸ್ಯಗಾರ ಲಗಮಪ್ಪನೇ ಅಸ್ಥಿಪಂಜರ. ಗಿರಾಕಿಯ ಮೈ ಮುಟ್ಟಬಾರದು, ಕಣ್ಣು ನೋಡಿ ಹೆದರಿಸಬೇಕು, ಹೊರಬಾಗಿಲಲ್ಲಿ ನಗಿಸಿ ಕಳಿಸಬೇಕು ಎಂದು ಜಿನದತ್ತ ಅವನಿಗೂ ಉಳಿದ ಭೂತಗಳಿಗೂ ಪಾಠ ಹೇಳಿದ. ಪಾಠವೇನೋ ಚೆನ್ನಾಗಿತ್ತು. ಮೊದಲ ದಿನವೇ ಒಬ್ಬ ಅಜ್ಜಿ ಅಸ್ಥಿಪಂಜರದ ಮುಂದೆ ನಿಂತು, “ಯಾಕೋ ತಮ್ಮಾ, ಉಂಡಿಲ್ಲೇನು?” ಎಂದಳು. ಇಡೀ ಶೆಡ್ಡು ನಕ್ಕಿತು, ಭೂತಗಳೂ ನಕ್ಕವು.

ಈ ಜನಕ್ಕೆ ಪ್ಲಾಸ್ಟಿಕ್ ಎಲುಬಿನ ಭಯವಿಲ್ಲ. ಇವರ ಭಯ ಎಲ್ಲಿದೆ ಎಂದು ಜಿನದತ್ತನಿಗೆ ತಿಳಿದದ್ದು ಬಸ್ಸಿನಲ್ಲಿ. ಮೂರು ದಾರಿ ಕೂಡುವಲ್ಲಿ ಡ್ರೈವರ್ ಬಸ್ಸನ್ನು ಗಟಾರದ ತನಕ ವಾಲಿಸಿ ಒಂದು ನಿಂಬೆಹಣ್ಣನ್ನು ತಪ್ಪಿಸಿದ್ದ. ಒಳಗಿದ್ದ ಯಾರೊಬ್ಬರೂ ಯಾಕೆ ಎಂದು ಕೇಳಿರಲಿಲ್ಲ.

ಶೆಡ್ಡಿನ ಕೊನೆಯ ಕೋಣೆಯನ್ನು ಅವನು ಹಾಗೆ ಸಿದ್ಧಪಡಿಸಿದ. ನೆಲದ ಮೇಲೆ ಬೂದಿಯಲ್ಲಿ ಮೂರು ದಾರಿ ಬರೆಸಿದ. ಅವು ಕೂಡುವಲ್ಲಿ ಒಂದು ಮಣೆ, ಸುತ್ತ ಬುಟ್ಟಿಗಟ್ಟಲೆ ತಂದ ನಿಂಬೆಹಣ್ಣು, ಗೊಂಬೆ, ಸೂಜಿ, ಕೂದಲ ಉಂಡೆ. ಮಣೆಯ ಮೇಲೆ ಕೂರಲು ಒಬ್ಬ ಬೇಕಿತ್ತು. ಪಗಾರ ಹೆಚ್ಚಿಸುತ್ತೇನೆಂದರೂ ಯಾರೂ ಒಪ್ಪಲಿಲ್ಲ. ಲಗಮಪ್ಪ ಬಾಗಿಲ ಹೊರಗೆ ನಿಲ್ಲಲು ಒಪ್ಪಿದ. ಹೊಸ್ತಿಲು ದಾಟಲಿಲ್ಲ.

“ಸಾಯ್ಲಿ ಬಿಡು, ನಾನ ಕುಂಡ್ರತೇನಿ,” ಎಂದ ಜಿನದತ್ತ. ಕರಿ ಕಂಬಳಿ ಹೊದ್ದು, ಮುಖಕ್ಕೆ ಮಸಿ ಬಳಿದುಕೊಂಡು ಕೂತ.

ಅಂದು ಯಾರೂ ನಗಲಿಲ್ಲ. ಬಾಗಿಲಲ್ಲೇ ಕಾಲು ಕಟ್ಟಿದಂತೆ ನಿಂತರು. ಹೆಂಗಸರು ಸೆರಗು ಕಚ್ಚಿದರು, ಗಂಡಸರು ಗೋಡೆಗೆ ಬೆನ್ನು ಒರೆಸಿಕೊಂಡೇ ದಾಟಿದರು. ಹೊರಗೆ ಬಿಸಿಲಿಗೆ ಬಂದವರ ಮುಖ ಬಿಳಿಚಿತ್ತು. ಇದಪ್ಪಾ ಹೆದರಿಸುವುದೆಂದರೆ ಎಂದು ಜಿನದತ್ತ ಕತ್ತಲಲ್ಲಿ ಹಿಗ್ಗಿದ.

ಮರುದಿನ ಮೂಡಲಗಿ ಕಡೆಯ ಕುರುಬರ ಹೆಂಗಸೊಬ್ಬಳು ಬಂದಳು. ಸತ್ತೆವ್ವ ಎಂದು ಜೊತೆಗಿದ್ದವರು ಕರೆಯುತ್ತಿದ್ದರು. ಕಂಕುಳಲ್ಲಿ ಜ್ವರದಿಂದ ಬೇಯುತ್ತಿದ್ದ ಮೊಮ್ಮಗ. ಅವಳು ಹೆದರಲಿಲ್ಲ. ಬೂದಿಯ ದಾರಿ ನೋಡಿದಳು, ಮಣೆ ನೋಡಿದಳು. ಸೊಂಟದ ಸಂಚಿಯಿಂದ ನಿಂಬೆಹಣ್ಣು ತೆಗೆದು ಮೊಮ್ಮಗನ ತಲೆಯ ಸುತ್ತ ನಿವಾಳಿಸಿದಳು. “ಇದರಾಗ ಹೋಗ್ಲಿ,” ಎಂದು ಜಿನದತ್ತನ ಮಡಿಲಿಗೆ ಒಗೆದು, ತಿರುಗಿ ನೋಡದೆ ಹೋದಳು. ಹೊರಬಾಗಿಲು ದಾಟುವಷ್ಟರಲ್ಲಿ ಮೊಮ್ಮಗ ನೀರು ಕೇಳಿದನಂತೆ.

ಸುದ್ದಿಗೆ ಬಸ್ಸು ಬೇಕೇ? ಹುಕ್ಕೇರಿಯ ಸಂತೆಯಲ್ಲಿ ಹಬ್ಬಿತು, ಮೂಡಲಗಿಯಲ್ಲಿ ಹಬ್ಬಿತು. ಟೆಂಪೋ ಮಾಡಿಕೊಂಡು ಜನ ಬಂದರು. ಜಾರುಬಂಡೆಯತ್ತ ಯಾರೂ ನೋಡುತ್ತಿರಲಿಲ್ಲ. ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಮುಷ್ಟಿಯೂ ಮುಚ್ಚಿತ್ತು.

“ಇವ್ರು ಹೆದರಾಕ ಬರಾಕತ್ತಿಲ್ರಿ,” ಎಂದ ಲಗಮಪ್ಪ. “ಬಿಟ್ಟು ಹೋಗಾಕ ಬರಾಕತ್ತಾರ.”

“ಹೋಗೂಮುಂದ ನಕ್ಕೋತ ಹೊಕ್ಕಾರೋ ಇಲ್ಲೋ? ನಮಗ ಬೇಕಾದ್ದು ಅಷ್ಟ.”

ಅದೂ ಖರೆಯೇ. ಅಷ್ಟು ಹಗುರಾಗಿ ಹೊರಗೆ ಹೋಗುವ ಗಿರಾಕಿಗಳನ್ನು ಅವನು ಮುಂಬಯಿಯಲ್ಲೂ ನೋಡಿರಲಿಲ್ಲ.

ಮೊದಲು ಹೋದದ್ದು ಜಿನದತ್ತನ ನಾಲಿಗೆ. ಶುಭಾಂಗಿ ಮಾಡಿದ ಹೋಳಿಗೆಗೂ ಒಣ ರೊಟ್ಟಿಗೂ ವ್ಯತ್ಯಾಸ ಸಿಗಲಿಲ್ಲ. ಆಮೇಲೆ ಬೆರಳು. ಕುದಿಯುವ ಚಹಾದ ಲೋಟವನ್ನು ಹಿಡಿದೇ ಮಾತಾಡುತ್ತಿದ್ದ. ಚರ್ಮ ಬೊಬ್ಬೆ ಎದ್ದದ್ದನ್ನು ಎದುರಿಗಿದ್ದವರು ತೋರಿಸಬೇಕಾಯಿತು. ಒಂದು ಸಂಜೆ ಸ್ನಾನಕ್ಕೆ ಕೂತಾಗ ತೊಡೆಯಲ್ಲಿ ಸೂಜಿ ಕಂಡಿತು. ಗೊಂಬೆಯದು. ಬುಡದ ತನಕ ಇಳಿದಿತ್ತು. ಗುಂಡಿ ಬಿಚ್ಚುವಂತೆ ಎಳೆದು ತೆಗೆದು, ಸೋಪಿನ ಪೆಟ್ಟಿಗೆಯಲ್ಲಿಟ್ಟ. ಅಪ್ಪಣ್ಣ ಬೆನ್ನು ಚಪ್ಪರಿಸಿ ಹೊಗಳಿದಾಗ ಬೆನ್ನಿಗೂ ತಿಳಿಯಲಿಲ್ಲ, ಮನಸ್ಸಿಗೂ ತಿಳಿಯಲಿಲ್ಲ. ದಣಿವು ಎಂದುಕೊಂಡ.

ಆದರೆ ಮಗಳು ಓಡಿ ಬಂದು ಕೊರಳಿಗೆ ಜೋತುಬಿದ್ದಾಗ ಎದೆಯೊಳಗೆ ಬೆಚ್ಚಗಾಗುತ್ತಿತ್ತು. ಅದೊಂದು ಉಳಿದಿತ್ತು. ಅದಕ್ಕಾಗಿಯೇ ಅವನು ದಿನವೂ ಮನೆಗೆ ಬೇಗ ಹೋಗುತ್ತಿದ್ದ. ಮಸಿ ತೊಳೆಯುವ ಮೊದಲೇ ಎತ್ತಿಕೊಳ್ಳುತ್ತಿದ್ದ. ತಪ್ಪಾದದ್ದು ಅಲ್ಲೇ.

ಒಂದು ಮುಂಜಾನೆ ಶ್ರದ್ಧಾಳ ಬೆರಳು ಬಾಗಿಲ ಸಂದಿಗೆ ಸಿಕ್ಕಿತು. ಉಗುರು ಕಪ್ಪಾಯಿತು, ರಕ್ತ ಒಸರಿತು. ಅವಳು ಅಳಲಿಲ್ಲ. ಬೆರಳನ್ನು ಯಾರದೋ ವಸ್ತುವಿನಂತೆ ಎತ್ತಿ ಹಿಡಿದು ನೋಡಿದಳು.

“ಪಪ್ಪಾ, ನನಗ ನೋವಾಗಲಿಲ್ಲ.”

ಗೋಕಾಕದ ಡಾಕ್ಟರ್ ಅಂಗೈಗೆ ಸೂಜಿ ಚುಚ್ಚಿ ನೋಡಿದ. ಬೆಳಗಾವಿಯ ಡಾಕ್ಟರ್ ರಕ್ತ ತೆಗೆದು ನೋಡಿದ. ಏನೂ ಸಿಗಲಿಲ್ಲ. ಜೋಮು ಮಣಿಕಟ್ಟು ದಾಟಿ ಮೊಣಕೈಗೆ ಏರಿತು, ಮೊಣಕೈಯಿಂದ ಭುಜಕ್ಕೆ. ಅದರ ಹಿಂದೆಯೇ ಉಳಿದದ್ದೂ ಹೋಗತೊಡಗಿತು. ಶ್ರದ್ಧಾ ನಗುವುದನ್ನು ಬಿಟ್ಟಳು. ಹಟ ಬಿಟ್ಟಳು. ಅವ್ವ ಹೊರಗೆ ಹೋದರೆ ಬಾಗಿಲತ್ತ ನೋಡುವುದನ್ನೂ ಬಿಟ್ಟಳು. ಉಣಿಸಿದರೆ ಉಂಡಳು. ಕೂರಿಸಿದಲ್ಲಿ ಕೂತಳು.

ಶುಭಾಂಗಿ ಗಂಡನಿಗೆ ಹೇಳದೆ ಕೊಣ್ಣೂರಿನ ಮೂರು ದಾರಿಗೆ ಹೋಗಿ ನಿವಾಳಿಸಿ ಒಗೆದು ಬಂದಳು. ಮರುದಿನ ಶ್ರದ್ಧಾಳ ಇನ್ನೊಂದು ಕೈಯೂ ಹೋಯಿತು.

ಜಿನದತ್ತ ಆಗ ಹೆದರಿದ. ಬದುಕಿನಲ್ಲಿ ಮೊದಲ ಸಲ. ಮಣೆಯೊಂದನ್ನು ಬಿಟ್ಟು ಕೋಣೆಯಲ್ಲಿದ್ದದ್ದನ್ನೆಲ್ಲ ಹೊರಗೆ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟ. ಮಾಂಸದ ವಾಸನೆ ಎದ್ದಿತು. ನಿಂಬೆಹಣ್ಣಿನ ಗುಡ್ಡೆಯಲ್ಲಿ ಮಾಂಸವೆಲ್ಲಿಂದ? ಬೀಗ ಹಾಕಿ ಬಂದರೆ, ಹೊರಗೆ ಕಾದಿದ್ದ ಜನ ಅವನು ನಡೆದಲ್ಲೆಲ್ಲ ದೂರದಿಂದಲೇ ಒಗೆದರು. ಬೆನ್ನಿಗೆ, ಹೆಗಲಿಗೆ, ಜೀಪಿನ ಬಾನೆಟ್ಟಿಗೆ.

“ಕೂಸಿಗೆ ಏನ್ ಮಾಡ್ಬೇಕು, ಹೇಳೋ,” ಎಂದು ಲಗಮಪ್ಪನ ಎರಡೂ ಕೈ ಹಿಡಿದ.

ಲಗಮಪ್ಪ ಮುಖ ತಿರುಗಿಸಿದ. “ಏನ್ ಹೇಳ್ಲಿರಿ. ಕೊಣ್ಣೂರ ದಾರ್ಯಾಗ ಈಗ ಏನೂ ಉಳಿದಿಲ್ಲ. ಅದನ್ನ ನೀವು ಎತ್ತಿಕೊಂಡು ಬಂದೀರಿ. ಈಗ ನೀವ ಆ ದಾರಿ ಆಗೀರಿ. ಆಕಿದನ್ನೂ ನಿಮ್ಮ ಮ್ಯಾಲ ಒಗಿಬೇಕು.”

“ಅಷ್ಟ ಏನು? ಒಗೀಲಿ.”

“ನಿಮ್ಮೊಳಗ ಇನ್ನ ಜಾಗಾ ಎಲ್ಲೈತ್ರಿ?” ಎಂದ ಲಗಮಪ್ಪ. “ಏನರ ಒಂದು ಉಳಿದಿದ್ರ, ಅದು ಹೋದ ಮ್ಯಾಲ ಇದು ಬಂದು ಕುಂಡ್ರತೈತಿ.”

ಏನು ಉಳಿದಿದೆ ಎಂದು ಜಿನದತ್ತ ಹುಡುಕಬೇಕಿರಲಿಲ್ಲ. ಅದು ಒಂದೇ ಇತ್ತು, ಮಗಳು ಜೋತುಬಿದ್ದಾಗ ಎದೆಯೊಳಗೆ ಏಳುತ್ತಿದ್ದ ಆ ಬಿಸುಪು. ಮಗಳನ್ನು ಕರೆತರಲು ಶುಭಾಂಗಿಗೆ ಹೇಳಿ ಕಳಿಸಿ, ಬೀಗ ತೆಗೆದು ಒಳಗೆ ಹೋಗಿ ಮಣೆಯ ಮೇಲೆ ಕೂತ.

ಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಶುಭಾಂಗಿ ಮಗಳನ್ನು ಎತ್ತಿಕೊಂಡು ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಎಲ್ಲರ ಹಾಗೆ ಬಂದಳು. ಕೋಣೆಯಲ್ಲಿ ಕೊಳೆತ ನಿಂಬೆಯ ವಾಸನೆ. ಸುಟ್ಟ ಕೂದಲ ವಾಸನೆ. ಫ್ಯಾನು ತಾನಾಗಿ ನಿಂತಿತು. ಹೊರಗಿನ ಸದ್ದು ನಿಂತಿತು. ಬೂದಿಯ ಮೇಲೆ ಹೆಜ್ಜೆ ಮೂಡಿತು. ಬರಿಗಾಲಿನದು. ಯಾರೂ ಇರಲಿಲ್ಲ. ಇನ್ನೊಂದು ದಾರಿಯಲ್ಲಿ ಇನ್ನೊಂದು. ಮೂರನೆಯ ದಾರಿಯಲ್ಲೂ. ಎಲ್ಲವೂ ಮಣೆಯತ್ತ ಬರುತ್ತಿದ್ದವು. ಕತ್ತಲಲ್ಲಿ ಉಸಿರು. ಒಂದಲ್ಲ. ಜ್ವರದ ಉಸಿರು, ಗೂರಲಿನ ಉಸಿರು, ಸಾಯುವವರ ಉಸಿರು.

ಶುಭಾಂಗಿ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದಳು. ಶ್ರದ್ಧಾ ಕಣ್ಣು ಮಿಟುಕಿಸದೆ ಅಪ್ಪನನ್ನು ನೋಡುತ್ತಿದ್ದಳು. ಆ ಕಣ್ಣಲ್ಲಿ ಯಾರೂ ಇರಲಿಲ್ಲ.

“ನಿಮ್ಮ ಮ್ಯಾಲ ಹೆಂಗ ಒಗೀಲಿರಿ?”

“ಒಗಿ.”

“ನನ್ನಿಂದ ಆಗೂದಿಲ್ಲ.”

“ಶುಭಾ, ಒಗಿ. ತಿರುಗಿ ನೋಡಬ್ಯಾಡ.”

ಅವಳು ನಿವಾಳಿಸಿದಳು. ಒಗೆದಳು. ಹಣ್ಣು ಎದೆಗೆ ತಾಗಿ ಮಡಿಲಿಗೆ ಬಿತ್ತು. ಅವನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. ಭಾರವಿತ್ತು. ಆಮೇಲೆ ಭಾರವೂ ಇರಲಿಲ್ಲ. ಹೆಜ್ಜೆಗಳು ಮಣೆಯ ಹತ್ತಿರ ಬಂದವು. ನಿಂತವು. ಒಳಗೆ ಬಂದವು.

ಶುಭಾಂಗಿ ಓಡಿದಳು. ಬಾಗಿಲು ದಾಟಿದಳು. ಬಿಸಿಲಿಗೆ ಬಿದ್ದಳು.

ಫ್ಯಾನು ಮತ್ತೆ ತಿರುಗಿತು. ಹೊರಗೆ ಕೂಸೊಂದು ಚೀರಿತು. ಜಜ್ಜಿದ ಬೆರಳಿನ ನೋವೆಲ್ಲ ಒಮ್ಮೆಲೇ ಬಂದಂತೆ, ಉಸಿರು ಕಟ್ಟಿ ಕಟ್ಟಿ ಚೀರಿತು. “ಅವ್ವಾ, ಬೆರಳು! ಅವ್ವಾ!” ಅದರ ಜೊತೆಗೇ ಹೆಂಗಸೊಬ್ಬಳು ನಗುತ್ತಲೋ ಅಳುತ್ತಲೋ ಇದ್ದಳು. ಸಾಲಿನಲ್ಲಿದ್ದವರೂ ಏನೋ ಕೂಗಿದರು.

ಲಗಮಪ್ಪ ಆವತ್ತು ಮೊದಲ ಬಾರಿಗೆ ಹೊಸ್ತಿಲು ದಾಟಿದ. ಮುಖದ ಬಣ್ಣ ಕಣ್ಣೀರಿನಲ್ಲಿ ಕರಗಿ ಇಳಿಯುತ್ತಿತ್ತು.

“ಸಾಹೇಬ್ರ! ಅಳಾಕತ್ತಾಳ್ರಿ! ನಿಮ್ಮ ಮಗಳು ಅಳಾಕತ್ತಾಳ್ರಿ!”

ಜಿನದತ್ತ ಅವನತ್ತ ನೋಡಿದ. ಮಗಳು ಎಂದರೆ ಯಾರು ಎಂಬುದು ಅವನಿಗೆ ಗೊತ್ತಿತ್ತು. ಹೆಸರು ಗೊತ್ತಿತ್ತು. ಈ ಅಳುವಿಗಾಗಿಯೇ ತಾನು ಇಲ್ಲಿ ಕೂತದ್ದು ಎಂಬುದೂ ಗೊತ್ತಿತ್ತು.

“ಹೌದೇನು,” ಎಂದ.