ಕಾಮನಬಿಲ್ಲಿಗೆ ಬೆನ್ನು ಹಾಕಿದವಳು

"ಸುಳ್ಳು ಹೇಳ್ಬೇಡ ಕಣೇ. ಡಬಲ್ ರೇನ್‌ಬೋ ಬಂದಾಗ ಯಾರಾದ್ರೂ ನಿದ್ದೆ ಮಾಡ್ತಾರಾ?"

ಲಾಸ್ಯಾ ಚಿತ್ರದ ಹಾಳೆಯನ್ನು ಪಕ್ಕಕ್ಕೆ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಿದ್ದಳು. ಈಗೀಗ ಅವಳು ನೋಡುವುದೇ ಹಾಗೆ. ಬಣ್ಣಗಳು ಕಾಣುತ್ತಿದ್ದವು. ನೇರವಾಗಿ ನೋಡಿದರೆ ಮಾತ್ರ ನಡುವೆ ಒಂದು ಬೂದು ಮಚ್ಚೆ. ಮುಖ, ಅಕ್ಷರ ಎಲ್ಲ ಅದರೊಳಗೆ ಮಾಯ.

ಅವಳಿಗೆ ಹದಿನಾಲ್ಕು ವರ್ಷ, ತಂಗಿ ನಿಸರ್ಗಾಳಿಗೆ ಹತ್ತು. ಚಿತ್ರ ನಿಸರ್ಗಾಳ ಹೋಮ್‌ವರ್ಕು. ಇಂಗ್ಲೆಂಡಿನಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆ ಯಾರೋ ಬರೆದ ಪೇಂಟಿಂಗು. ಕಂಡದ್ದನ್ನೆಲ್ಲ ಬರೆದು ತರಬೇಕಂತೆ. ಆ ಟೀಚರಿಗೆ ಬೇರೆ ಚಿತ್ರವೇ ಸಿಗಲಿಲ್ಲವೇ!

ದಾರಿ ಬದಿಯಲ್ಲಿ ಇಬ್ಬರು ಹುಡುಗಿಯರು ಕೂತಿದ್ದಾರೆ. ಹಿಂದೆ ಮಳೆ ನಿಂತ ಹೊಲ, ಕಪ್ಪು ಆಕಾಶ, ಎರಡೆರಡು ಕಾಮನಬಿಲ್ಲು. ಚಿಕ್ಕವಳು ತಿರುಗಿ ಅದನ್ನೇ ನೋಡುತ್ತಿದ್ದಾಳೆ. ದೊಡ್ಡವಳ ಕಣ್ಣು ಮುಚ್ಚಿದೆ. ಅವಳು ಕುರುಡಿ.

ಇದನ್ನು ಅಕ್ಕನಿಗೆ ಹೇಗೆ ಹೇಳುವುದು? ಅದಕ್ಕೇ ನಿಸರ್ಗಾ, ಅವಳು ನಿದ್ದೆ ಮಾಡ್ತಿದ್ದಾಳೆ ಎಂದಿದ್ದಳು. ಹೋದ ತಿಂಗಳು ಪಕ್ಕದ ಊರಾದ ಕ್ಯಾಂಪ್‌ಬೆಲ್‌ನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಾಗ, ಅಕ್ಕ ಕಾರಿನಿಂದ ಇಳಿದು ಹೋದ ಮೇಲೆ, ಅಮ್ಮ ನಿಸರ್ಗಾಳ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಿದ್ದಳು. "ಅಕ್ಕನ ಕಣ್ಣು ಸರಿಹೋಗಲ್ವಂತೆ. ಹೊಸ ಕನ್ನಡಕ ಹಾಕಿದ್ರೆ ಸರಿಹೋಗುತ್ತೆ ಅಂದಿದೀನಿ. ನಿಜ ಅವಳಿಗೆ ಗೊತ್ತಾಗಬಾರದು. ನನ್ನಾಣೆ."

ಆಣೆ ಮುರಿದರೆ ಅಮ್ಮನಿಗೇ ಏನಾದರೂ ಆಗಿಬಿಟ್ಟರೆ?

"ಅವಳ ಕತ್ತಿನ ಹತ್ರ ಏನೋ ಬೆಳ್ಳಗಿದೆಯಲ್ಲ, ಏನದು?" ಲಾಸ್ಯಾ ಬಿಡುವವಳಲ್ಲ.

"ಚಿಟ್ಟೆ! ಶಾಲಿನ ಮೇಲೆ ಚಿಟ್ಟೆ ಕೂತಿದೆ."

"ಚಿಟ್ಟೆ ಅಲ್ಲ ಇದು. ಚೌಕಕ್ಕಿದೆ."

"ಅದಾ... ಐಡಿ ಕಾರ್ಡು."

"ಆಗಿನ ಕಾಲದಲ್ಲಿ ಐಡಿ ಕಾರ್ಡಾ? ಏನು ಬರೆದಿದೆ, ಓದು."

"ಅಕ್ಕಾ, ಹೋಮ್‌ವರ್ಕು ನಂದು!"

"ನಿಸು, ಓದೇ."

ನಿಸರ್ಗಾಳ ದನಿ ಸಣ್ಣಗಾಯಿತು. "ಕುರುಡಿಗೆ ಕರುಣೆ ತೋರಿಸಿ ಅಂತ ಇದೆ."

ಲಾಸ್ಯಾ ಹಾಳೆಯನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದಳು. "ಭಿಕ್ಷೆ ಬೇಡ್ತಾರಾ ಇವರು?"

"ಹೂಂ. ಬಟ್ಟೆ ಎಲ್ಲ ಹರಿದಿದೆ."

"ನಾನೂ ಒಂದು ಬೋರ್ಡು ಹಾಕ್ಕೋಬೇಕೇನೋ."

"ಥೂ, ಬಿಡ್ತು ಅನ್ನು! ನಿನ್ನ ಕಣ್ಣು..."

"ಸರಿಹೋಗಲ್ಲ. ಡಾಕ್ಟರ ರೂಮಿನ ಬಾಗಿಲು ಪೂರ್ತಿ ಹಾಕಿರ್ಲಿಲ್ಲ ನಿಸು. ನನ್ನ ಕಿವಿ ಚೆನ್ನಾಗೇ ಇದೆಯಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ನಂಗೆ ಗೊತ್ತು ಅಂತ ತಿಳಿದ್ರೆ ಅಮ್ಮ ತಡ್ಕೊಳಲ್ಲ. ನೀನೂ ಹೇಳ್ಬೇಡ. ನನ್ನಾಣೆ."

ಇನ್ನೊಂದು ಆಣೆ! ಅಮ್ಮನದೊಂದು, ಅಕ್ಕನದೊಂದು. ಎರಡನ್ನೂ ಹೊರಲು ಈ ಮನೆಯಲ್ಲಿ ಅವಳೊಬ್ಬಳೇ ಸಿಕ್ಕಳೇ? ನಿಸರ್ಗಾಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಅಮ್ಮ ಸೇಬು ಹೆಚ್ಚಿಕೊಂಡು ಒಳಗೆ ಬಂದಳು. "ಹೊಸ ಕನ್ನಡಕದಲ್ಲಿ ಚೆನ್ನಾಗಿ ಕಾಣ್ತಿದೆಯಾ ಪುಟ್ಟೀ?"

"ಸೂಪರ್ ಅಮ್ಮಾ!" ಲಾಸ್ಯಾ ಹಾಳೆಯನ್ನು ಮುಖದೆದುರು ನೇರವಾಗಿ ಹಿಡಿದಳು. "ಬಾ ಇಲ್ಲಿ, ನೋಡು. ಇಷ್ಟು ಚಿಕ್ಕ ಚಿಟ್ಟೆ ಕೂಡ ಕಾಣ್ತಿದೆ." ಬೆರಳಿಟ್ಟು ತೋರಿಸಿದಳು.

ಬೆರಳು ಚಿಟ್ಟೆಯ ಮೇಲಿರಲಿಲ್ಲ. ಆ ಹುಡುಗಿಯ ಕತ್ತಿನ ಬೋರ್ಡಿನ ಮೇಲಿತ್ತು.

ಅಮ್ಮ ಬಗ್ಗಿ ನೋಡಿದಳು. ಮುಚ್ಚಿದ ಕಣ್ಣನ್ನೂ ಕಂಡಳು, ಬೆರಳಿನ ಪಕ್ಕದ ಅಕ್ಷರವನ್ನೂ ಓದಿದಳು. "ಹೌದು ಮಗಳೇ. ತುಂಬಾ ಚೆನ್ನಾಗಿದೆ ಚಿಟ್ಟೆ," ಎಂದಳು. ದನಿಯಲ್ಲಿ ನಗು ಇತ್ತು. ಕಣ್ಣಿಂದ ಮಾತ್ರ ನೀರು ಸುರಿಯುತ್ತಿತ್ತು.

ಲಾಸ್ಯಾ ತಂಗಿಯ ಕಡೆ ವಾಲಿ ಪಿಸುಗುಟ್ಟಿದಳು. "ನಿಸು, ಅಮ್ಮ ನಗ್ತಿದ್ದಾಳಾ?"

ಅಮ್ಮ ಬೇಡ ಬೇಡ ಎಂದು ತಲೆಯಾಡಿಸಿದಳು. ನಿಸರ್ಗಾ ಇಬ್ಬರನ್ನೂ ನೋಡಿದಳು. ಹೂಂ ಎಂದರೆ ಮುಗಿಯಿತು, ಎರಡೂ ಆಣೆ ಉಳಿಯುತ್ತವೆ. ಆದರೆ ನಾಳೆಯೂ ಅಕ್ಕ ಕೇಳುತ್ತಾಳೆ, ನಾಡಿದ್ದೂ ಕೇಳುತ್ತಾಳೆ.

"ಇಲ್ಲ ಅಕ್ಕಾ. ಅಳ್ತಿದ್ದಾಳೆ."

ಲಾಸ್ಯಾ ಎದ್ದು ಕೈ ಚಾಚಿದಳು. ಬೆರಳು ಮೊದಲು ಅಮ್ಮನ ಭುಜಕ್ಕೆ ತಾಗಿತು, ಆಮೇಲೆ ಒದ್ದೆ ಕೆನ್ನೆಗೆ. "ನಂಗೆ ಅವತ್ತೇ ಗೊತ್ತು ಅಮ್ಮಾ."

ಅಮ್ಮ ಅವಳನ್ನು ಬಾಚಿ ತಬ್ಬಿಕೊಂಡು ಜೋರಾಗಿಯೇ ಅತ್ತಳು. ಲಾಸ್ಯಾಳೂ ಅತ್ತಳು.

ಅಕ್ಕನೂ ಅಳ್ತಿದ್ದಾಳೆ ಎಂದು ಹೇಳಲು ನಿಸರ್ಗಾ ಬಾಯಿ ತೆರೆದು, ಸುಮ್ಮನಾದಳು. ಅದು ಅಮ್ಮನಿಗೆ ಕಾಣುತ್ತಿತ್ತು.